ಮತ್ತೆ ಮತ್ತೆ ಹೊಟ್ಟೆ ಕೆಡುತ್ತಿದ್ದ ಕೊಬ್ರಿ

ಅಪ್ಪ ಮಗಳು ಸೇರಿ ನಾಯಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಜೋಲಿಯ ಹಾಗೆ ಹೊತ್ತುಕೊಂಡು ಬಂದರು. ಜನವರಿಯ ಮಧ್ಯಾಹ್ನ. ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಕ್ಲಿನಿಕ್ಕಿನ ಎದುರಿನ ಅಪಾರ್ಟ್‌ಮೆಂಟುಗಳ ಮೇಲಿನ ಮಹಡಿಗಳು ಕಾಣುತ್ತಲೇ ಇರಲಿಲ್ಲ. ನಮ್ಮ ದೊಡ್ಡ ಡಾಕ್ಟರು, ಅಂದರೆ ಕ್ಲಿನಿಕ್ಕಿನ ಮಾಲೀಕರು, ಒಳಗೆ ಬೆಕ್ಕೊಂದರ ಆಪರೇಷನ್ ಮಾಡುತ್ತಿದ್ದರು. ಹೊರಗೆ ಬಂದವರನ್ನು ನೋಡಲು ಇದ್ದವಳು ನಾನೊಬ್ಬಳೇ.

ನಾಯಿಯನ್ನು ಮೇಜಿನ ಮೇಲಿಟ್ಟು ಅಪ್ಪ ಹಿಂದಿಯಲ್ಲಿ ಹೇಳಿದರು: "ಡಾಕ್ಟರ್ ಸಾಹಿಬಾ, ಇಸ್ಕೋ ಸುಲಾನಾ ಹೈ." ಮಲಗಿಸಬೇಕು ಅಂದರೆ ಮತ್ತೆ ಏಳದ ಹಾಗೆ ಮಲಗಿಸುವುದು. ಈ ಕೆಲಸದಲ್ಲಿ ಆ ಮಾತು ಆಗಾಗ ಕೇಳುತ್ತೇನೆ. ಆದರೆ ಆಮೇಲೆ ಅವರು ಬಗ್ಗಿ ನಾಯಿಯ ಕಿವಿಯ ಹತ್ತಿರ, "ಆಯ್ತು ಕೊಬ್ರಿ, ಆಯ್ತು ಕಣೇ. ಇನ್ನು ನೋವಿರಲ್ಲ" ಅಂದಾಗ ನನ್ನ ಕೈ ನಿಂತಿತು.

"ನೀವು ಕನ್ನಡದವರಾ?" ಎಂದೆ.

ಅವರು ತಲೆಯೆತ್ತಿ ನೋಡಿದರು. ಬೇರೆ ದಿನವಾಗಿದ್ದರೆ ಊರು, ಕೇರಿ, ಯಾರ ಕಡೆಯವರು ಎಂದೆಲ್ಲ ಮಾತು ಬೆಳೆಯುತ್ತಿತ್ತು. ಅವತ್ತು "ದಾವಣಗೆರೆ" ಎಂದಷ್ಟೇ ಹೇಳಿದರು. ಆಮೇಲೆ ತಿಳಿಯಿತು, ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಅಂತೆ. ಮಗಳು ಕಾಲೇಜು ಓದುವವಳು, ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲಿ. ಅವಳು ಅಪ್ಪನಿಂದ ದೂರ, ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

ಕೊಬ್ರಿ ಬೀದಿ ತಳಿಯ ಹೆಣ್ಣು ನಾಯಿ. ಬೆನ್ನು ಒಣಕೊಬ್ಬರಿಯ ಬಣ್ಣ, ಹೊಟ್ಟೆ ಬಿಳಿ. ಅದಕ್ಕೇ ಆ ಹೆಸರು. ಅವರ ಅಪಾರ್ಟ್‌ಮೆಂಟಿನ ಗಾರ್ಡುಗಳಿಗೆ ಕೊಬ್ರಿ ಅನ್ನುವುದು ಕೋಬ್ರಾ ಎಂದು ಕೇಳಿಸಿ, ಪಾಪದ ನಾಯಿಗೆ ಹಾವಿನ ಮರ್ಯಾದೆ ಸಿಗುತ್ತಿತ್ತಂತೆ. ಆ ಕೋಬ್ರಾ ಈಗ ಮೇಜಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

"ಏನಾಗಿತ್ತು?"

"ಹೊಟ್ಟೆ ಕೆಟ್ಟಿತ್ತು. ವಾಂತಿ, ಭೇದಿ. ನೋಯ್ಡಾದಲ್ಲಿ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ರಕ್ತ ನೋಡಿ ಎರಡೂ ಕಿಡ್ನಿ ಹೋಗಿವೆ ಅಂದ್ರು. ಒದ್ದಾಡಿಸಬೇಡಿ, ಮನೆ ಹತ್ತಿರ ಎಲ್ಲಾದ್ರೂ ಮಾಡಿಸ್ಬಿಡಿ ಅಂದ್ರು."

ಅವರು ಮೊಬೈಲಿನಲ್ಲಿ ರಿಪೋರ್ಟ್ ತೋರಿಸಿದರು. ಕಿಡ್ನಿಯ ಅಂಕಿಗಳು ನಿಜಕ್ಕೂ ಏರಿದ್ದವು. ಅದನ್ನು ನೋಡಿದ ಯಾರೇ ಆದರೂ ಅದೇ ಮಾತು ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಯಾವ ಪ್ರಾಣಿಯನ್ನೇ ಆಗಲಿ, ಕೊನೆಯ ಇಂಜೆಕ್ಷನ್ ಕೊಡುವ ಮೊದಲು ಒಮ್ಮೆ ಪೂರ್ತಿ ಪರೀಕ್ಷೆ ಮಾಡುವುದು ನನ್ನ ಪದ್ಧತಿ. ವಸಡು ನೋಡಿದೆ, ಬಿಳಿಚಿಕೊಂಡಿತ್ತು. ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಮರಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಪಾದಗಳು ತಣ್ಣಗಿದ್ದವು. ಕತ್ತಿನ ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ನಿಂತಿತು. ಮೈಯಲ್ಲಿ ನೀರಿಲ್ಲ, ರಕ್ತದೊತ್ತಡ ಕುಸಿದಿದೆ. ಇಂಥ ಸ್ಥಿತಿಯಲ್ಲಿ ಹೃದಯ ಓಡಬೇಕು. ಇರುವ ಸ್ವಲ್ಪ ರಕ್ತವನ್ನೇ ಎಲ್ಲ ಕಡೆ ತಲುಪಿಸಲು ಅದು ಬೆದರಿದ ಕುದುರೆಯ ಹಾಗೆ ಓಡುತ್ತದೆ.

ಸ್ಟೆತಸ್ಕೋಪ್ ಇಟ್ಟೆ. ಲಬ್‌ಡಬ್. ನಂತರ ಮೌನ. ಮತ್ತೆ ಲಬ್‌ಡಬ್. ಊಟ ಮಾಡಿ ಮಲಗಿದ ನಾಯಿಯ ಹೃದಯದಷ್ಟು ನಿಧಾನ. ಇನ್ನೊಂದು ಕಡೆ ಇಟ್ಟು ಕೇಳಿದೆ, ತೊಡೆಯ ನಾಡಿ ಹಿಡಿದು ನೋಡಿದೆ. ಎಲ್ಲ ಕಡೆ ಅದೇ.

ಅಲ್ಲಿಂದ ಮುಂದೆ ನನಗೆ ಇಂಜೆಕ್ಷನ್ ತುಂಬಲು ಆಗಲಿಲ್ಲ.

"ಹೊಟ್ಟೆ ಕೆಟ್ಟಿದ್ದು ಇದೇ ಮೊದಲ ಸಲವಾ?" ಎಂದು ಕೇಳಿದೆ.

ಈ ಪ್ರಶ್ನೆಗೆ ಮಗಳು ಬಾಗಿಲು ಬಿಟ್ಟು ಮುಂದೆ ಬಂದಳು. "ನಹೀ ಮ್ಯಾಮ್. ಬಾರ್ ಬಾರ್ ಹೋತಾ ಹೈ, ಮತ್ತೆ ಮತ್ತೆ ಆಗತ್ತೆ. ಪಪ್ಪಾ ಏನೇನೋ ತಿನ್ಸ್ತಾರೆ. ಈ ಸಲ ಎಣ್ಣೇಲಿ ಕರಿದ ಕಚೋರಿ. ನಾನು ಮನಾ ಕಿಯಾ ಥಾ, ಬೇಡ ಅಂದಿದ್ದೆ."

"ಚೂರೇ ಚೂರು ಕೊಟ್ಟಿದ್ದು," ಅಂದರು ಅಪ್ಪ, ನೆಲ ನೋಡುತ್ತ.

"ಅದೇ ಚೂರು ಅವಳ್ನ ಕೊಂದಿದ್ದು!"

ಅವರಿಬ್ಬರ ನಡುವೆ ಎರಡು ದಿನದಿಂದ ಜಗಳ ಬಿಟ್ಟು ಬೇರೆ ಮಾತಿಲ್ಲ ಎಂದು ಆಗ ಗೊತ್ತಾಯಿತು. ನಾಯಿ ಸಾಯುವುದು ಒಂದು ದುಃಖವಾದರೆ, ಅಪ್ಪನೇ ಕೊಂದದ್ದು ಎಂಬುದು ಆ ಮನೆಯಲ್ಲಿ ಉಳಿಯಲಿದ್ದ ಇನ್ನೊಂದು ದುಃಖ.

ನಾನು ಕಚೋರಿಯನ್ನು ಬದಿಗಿಟ್ಟು ಹಿಂದಿನದನ್ನು ಕೇಳುತ್ತ ಹೋದೆ. ಮೊದಲ ಸಲ ಹೊಟ್ಟೆ ಕೆಟ್ಟದ್ದು ಮಳೆಗಾಲದಲ್ಲಿ. ಆಗ ಏನಾಗಿತ್ತು? ದೆಹಲಿಯ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಇಂದಿರಾಪುರಂನ ಸ್ವಂತ ಫ್ಲ್ಯಾಟಿಗೆ ಸಾಮಾನು ಸಾಗಿಸಿದ ವಾರ. ಗೃಹಪ್ರವೇಶದ ಪನೀರ್ ತಿಂದಿದ್ದಳು, ಅದೇ ಕಾರಣ ಅಂದುಕೊಂಡರು. ಎರಡನೆಯ ಸಲ ದೀಪಾವಳಿಯ ಮಾರನೇ ದಿನ. ಪಟಾಕಿ ಸದ್ದಿಗೆ ರಾತ್ರಿಯೆಲ್ಲ ಬಾತ್‌ರೂಮಿನ ಮೂಲೆಯಲ್ಲಿ ನಡುಗುತ್ತ ಕೂತಿದ್ದಳು. ಅಂದು ತಿಂದಿದ್ದು ಮಿಠಾಯಿ, ಹಾಗಾಗಿ ಮಿಠಾಯಿಯ ಮೇಲೆ ದೂರು. ಈ ಸಲ?

"ನನ್ನ ಹೆಂಡತಿ, ಅವಳ ತಂಗಿ ಮಗಳ ಮದುವೆಗೆ ಅಂತ ಊರಿಗೆ ಹೋದ್ಲು," ಅಂದರು ಅಪ್ಪ. "ಕೊಬ್ರಿಗೆ ಅವಳೇ ಜೀವ. ಅವಳು ಹೋದಾಗಿಂದ ಬಾಗಿಲ ಹತ್ರಾನೇ ಮಲಗಿರೋದು. ಆಮೇಲೆ ವಾಂತಿ ಶುರುವಾಯ್ತು."

"ಹಿಂದಿನ ಎರಡು ಸಲ ಹೇಗೆ ವಾಸಿಯಾಯ್ತು?"

"ಡ್ರಿಪ್ ಹಾಕಿಸಿದ್ವಿ ಅಷ್ಟೇ," ಅಂದಳು ಮಗಳು. "ಡ್ರಿಪ್ ಲಗ್ತೇ ಹೀ ಏಕ್‌ದಮ್ ಠೀಕ್. ಸಂಜೆಗೆ ಓಡಾಡ್ತಿದ್ಲು."

ತಿಂಡಿಗಳು ಬೇರೆ ಬೇರೆ. ಆದರೆ ಮೂರು ಸಲವೂ ಮೊದಲು ಬಂದದ್ದು ಭಯ, ಗಾಬರಿ, ಅಗಲಿಕೆ. ಉಪ್ಪುನೀರಿನ ಡ್ರಿಪ್ ಸಿಕ್ಕಿದ ಕೂಡಲೇ ಪವಾಡದ ಹಾಗೆ ಚೇತರಿಕೆ. ಈಗ ಈ ನಿಧಾನದ ಹೃದಯ. ಓದುವಾಗ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಒಂದು ರೋಗ ನೆನಪಿಗೆ ಬಂತು. ಕಿಡ್ನಿಗಳ ಪಕ್ಕದಲ್ಲಿ ನೆಲಗಡಲೆ ಆಕಾರದ ಎರಡು ಸಣ್ಣ ಗ್ರಂಥಿಗಳಿವೆ. ಕಷ್ಟ ಬಂದಾಗ ಮೈಯನ್ನು ಎತ್ತಿ ನಿಲ್ಲಿಸುವ ಹಾರ್ಮೋನು, ರಕ್ತದಲ್ಲಿ ಉಪ್ಪಿನಂಶವನ್ನು ಹಿಡಿದಿಡುವ ಹಾರ್ಮೋನು, ಎರಡೂ ಅಲ್ಲಿಂದಲೇ ಬರುತ್ತವೆ. ಆ ಗ್ರಂಥಿಗಳು ಸೋತರೆ ಸೋಡಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ, ಪೊಟ್ಯಾಸಿಯಂ ಒಳಗೇ ಉಳಿದು ಏರುತ್ತದೆ. ಏರಿದ ಪೊಟ್ಯಾಸಿಯಂ ಹೃದಯವನ್ನು ನಿಧಾನ ಮಾಡುತ್ತದೆ, ಕೊನೆಗೆ ನಿಲ್ಲಿಸಿಯೇ ಬಿಡುತ್ತದೆ. ರಕ್ತ ಸಾಲದೆ ಸೊರಗಿದ ಕಿಡ್ನಿಗಳು ರಿಪೋರ್ಟಿನಲ್ಲಿ ಸತ್ತವುಗಳ ಹಾಗೇ ಕಾಣುತ್ತವೆ. ಇದಕ್ಕೆ ಅಡಿಸನ್ ಕಾಯಿಲೆ ಎಂದು ಹೆಸರು. ಅಲ್ಲಿಯವರೆಗೆ ನಾನು ಒಂದು ಕೇಸನ್ನೂ ಕಣ್ಣಾರೆ ನೋಡಿರಲಿಲ್ಲ.

ಅಪ್ಪನಿಗೆ ಹೇಳಿದೆ: "ಸರ್, ನನಗೆ ಇವತ್ತೊಂದು ಸಂಜೆ ಕೊಡ್ತೀರಾ? ಇದು ಕಿಡ್ನಿ ಅಲ್ಲದೇ ಇರಬಹುದು."

ಅವರಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಅವರ ಮುಖ ಬಿಗಿಯಾಯಿತು. "ಡಾಕ್ಟ್ರೇ, ಇವಳನ್ನ ಒಪ್ಪಿಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ನಾನೂ ಒಪ್ಪಿದೀನಿ. ಈಗ ಮತ್ತೆ ಆಸೆ ಹುಟ್ಟಿಸಿ, ನಾಳೆ ಬೆಳಿಗ್ಗೆ ಅದೇ ಮಾತು ಹೇಳಿದ್ರೆ? ಈ ಹುಡುಗಿ ತಡ್ಕೊಳ್ಳಲ್ಲ."

ಅವರ ಮಾತು ಸುಳ್ಳಾಗಿರಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಒಂದು ಅನುಮಾನ, ಅಷ್ಟೇ. "ಖಂಡಿತ ಉಳಿಸ್ತೀನಿ ಅಂತ ಹೇಳಲ್ಲ ಸರ್. ಆದ್ರೆ ಇದನ್ನ ನೋಡದೆ ಇಂಜೆಕ್ಷನ್ ಕೊಡೋಕೆ ನನ್ನಿಂದ ಆಗಲ್ಲ" ಎಂದೆ.

ಅವರು ಮಗಳ ಕಡೆ ನೋಡಿದರು. ಎರಡು ದಿನದ ನಂತರ ಅವಳು ಅಪ್ಪನಿಗೆ ಸಿಟ್ಟಿಲ್ಲದೆ ಆಡಿದ ಮೊದಲ ಮಾತು: "ಪಪ್ಪಾ, ಪ್ಲೀಸ್."

ಆಮೇಲೆ ಕೆಲಸ. ರಕ್ತದೊತ್ತಡ ಕುಸಿದ ನಾಯಿಯ ನರ ಹುಡುಕುವುದು ಸುಲಭವಲ್ಲ. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿದೆ, ನರ ಜಾರಿತು. ಇನ್ನೊಂದು ಕಾಲಿಗೆ ಹಾಕಿದೆ. ರಕ್ತ ಇಣುಕಿ ಮತ್ತೆ ಮಾಯವಾಯಿತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕಾಲಿಗೆ ಸುತ್ತಿ ಸ್ವಲ್ಪ ಕಾದು, ಹಿಂಗಾಲಿನಲ್ಲಿ ಪ್ರಯತ್ನಿಸಿದಾಗ ಡ್ರಿಪ್ಪಿನ ಕೊಳವೆ ಒಳಹೋಗಿ ನಿಂತಿತು. ಔಷಧಿ ಕೊಡುವ ಮೊದಲೇ ರಕ್ತ ತೆಗೆದುಕೊಂಡೆ. ಆ ಕ್ರಮ ತಪ್ಪಿದರೆ ಹಾರ್ಮೋನಿನ ಪರೀಕ್ಷೆಗೆ ಅರ್ಥವಿರುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ ನೋಡುವ ಸಣ್ಣ ಯಂತ್ರ ನಮ್ಮಲ್ಲಿದೆ. ಆದರೆ ಅದಕ್ಕೆ ಹಾಕುವ ಕಾರ್ಟ್ರಿಜ್ ಮುಗಿದು ಹೊಸದು ಬಂದಿರಲಿಲ್ಲ. ಹಾಗಾಗಿ ಎದುರಿನ ಮಾರ್ಕೆಟ್ಟಿನಲ್ಲಿರುವ, ಮನುಷ್ಯರ ರಕ್ತ ನೋಡುವ ಲ್ಯಾಬಿಗೆ ಮಾದರಿ ಕಳಿಸಿದೆ.

ಇಸಿಜಿ ಯಂತ್ರದ ಕ್ಲಿಪ್ಪುಗಳನ್ನು ಹಚ್ಚುವ ಹೊತ್ತಿಗೆ ದೊಡ್ಡ ಡಾಕ್ಟರು ಆಪರೇಷನ್ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದರು. ಮೀರತ್ ಕಡೆಯವರು, ಮಾತು ಕಡಿಮೆ, ಅನುಭವ ಜಾಸ್ತಿ. ರಿಪೋರ್ಟ್ ನೋಡಿ ತಲೆ ಅಲ್ಲಾಡಿಸಿದರು. "ಕಿಡ್ನಿ ಹೈ ಬೇಟಾ. ಯಾಕೆ ಎಳೀತಿದೀಯ?" ಎಂಬ ಅರ್ಥದ ಹಿಂದಿ ಮಾತು ಹೇಳಿದರು.

"ಸರ್, ಅಡಿಸನ್ ಇರಬಹುದು. ಹೃದಯ ಕೇಳಿ."

ಕೇಳಿದರು. ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಕಾಗದದ ಮೇಲೆ ಗೆರೆ ಬರತೊಡಗಿತು. ಪ್ರತಿ ಬಡಿತದ ಮೊದಲು ಇರಬೇಕಾದ ಸಣ್ಣ ಉಬ್ಬು ಎಲ್ಲೂ ಇರಲಿಲ್ಲ. ಬಡಿತದ ನಂತರದ ಅಲೆ ಮಾತ್ರ ಡೇರೆಯ ತುದಿಯ ಹಾಗೆ ಚೂಪಾಗಿ ಎದ್ದು ನಿಂತಿತ್ತು.

"ಪೊಟ್ಯಾಸಿಯಂ," ಅಂದರು. "ಆದರೆ ಕಿಡ್ನಿ ಹೋದರೂ ಪೊಟ್ಯಾಸಿಯಂ ಏರತ್ತೆ. ಅಡಿಸನ್ ಅಂತ ಯಾವ ಧೈರ್ಯದ ಮೇಲೆ ಹೇಳ್ತೀಯ? ಲ್ಯಾಬಿಂದ ಏನಾದ್ರೂ ಬಂತಾ?"

"ಇನ್ನೂ ಇಲ್ಲ ಸರ್. ಹಾರ್ಮೋನಿನ ರಿಪೋರ್ಟ್ ಬರೋದು ನಾಳೆ. ಅಷ್ಟು ಹೊತ್ತು ಈ ಹೃದಯ ಇರಲ್ಲ. ಆ ಹಾರ್ಮೋನಿನ ಬದಲು ನಾನು ಈಗಲೇ ಸ್ಟೀರಾಯ್ಡ್ ಕೊಡ್ತೀನಿ."

ಪುರಾವೆ ಇಲ್ಲದೆ ಚಿಕಿತ್ಸೆ ಶುರು ಮಾಡುವುದು ಅವರ ಕ್ಲಿನಿಕ್ಕಿನಲ್ಲಿ ನಡೆಯುತ್ತಿರಲಿಲ್ಲ. ಅವರು ನನ್ನನ್ನೂ ನಾಯಿಯನ್ನೂ ಒಮ್ಮೆ ನೋಡಿದರು. ಆಮೇಲೆ ತಾವೇ ಸ್ಟೂಲು ಎಳೆದುಕೊಂಡು ಇಸಿಜಿಯ ಮುಂದೆ ಕೂತರು. "ಚಲೋ. ಕ್ಯಾಲ್ಸಿಯಂ ನಾನು ಕೊಡ್ತೀನಿ. ನೀನು ಸಲೈನ್ ನೋಡ್ಕೋ."

ಕ್ಯಾಲ್ಸಿಯಂ ಪೊಟ್ಯಾಸಿಯಂ ಅನ್ನು ಇಳಿಸುವುದಿಲ್ಲ. ಅದರ ಹೊಡೆತದಿಂದ ಹೃದಯವನ್ನು ಸ್ವಲ್ಪ ಹೊತ್ತು ಕಾಯುತ್ತದೆ. ಅವಸರಪಟ್ಟರೆ ಅದೇ ಹೃದಯವನ್ನು ನಿಲ್ಲಿಸುತ್ತದೆ. ದೊಡ್ಡ ಡಾಕ್ಟರ ಹೆಬ್ಬೆರಳು ಸಿರಿಂಜಿನ ಮೇಲೆ ಚಲಿಸುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಧಾನವಾಗಿ ಇಳಿಯುತ್ತಿತ್ತು, ಕಣ್ಣು ಗೆರೆಯ ಮೇಲೆ. ನಾನು ಈ ಕಡೆ ಸಲೈನ್ ಬಾಟಲಿಯನ್ನು ಹಿಂಡಿ ಹಿಂಡಿ ವೇಗವಾಗಿ ಬಿಡುತ್ತಿದ್ದೆ. ಸ್ಟೀರಾಯ್ಡ್ ಇಂಜೆಕ್ಷನ್ ಹೋಯಿತು. ಮಗಳು ತನ್ನ ಜಾಕೆಟ್ ಬಿಚ್ಚಿ ಕೊಬ್ರಿಗೆ ಹೊದಿಸಿದಳು. ಅಪ್ಪ ಬಿಸಿನೀರಿನ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಅಕ್ಕಪಕ್ಕ ಇಟ್ಟರು, ತಣ್ಣಗಾದಂತೆ ಬದಲಿಸಿದರು.

"ದೇಖೋ," ಅಂದರು ದೊಡ್ಡ ಡಾಕ್ಟರು. ಗೆರೆಯಲ್ಲಿ ಆ ಸಣ್ಣ ಉಬ್ಬು ಮತ್ತೆ ತಲೆಯೆತ್ತಿತ್ತು. ಹೃದಯ ಹೆಜ್ಜೆ ಚುರುಕು ಮಾಡಿತ್ತು.

ಆಗಲೇ ಲ್ಯಾಬಿನವರ ಫೋನ್. "ಮೇಡಂ, ಸ್ಯಾಂಪಲ್ ಖರಾಬ್ ಹೈ. ಇಷ್ಟು ಪೊಟ್ಯಾಸಿಯಂ ಇದ್ದರೆ ಬದುಕಿರೋಕೆ ಸಾಧ್ಯವೇ ಇಲ್ಲ."

"ಮತ್ತೊಮ್ಮೆ ನೋಡಿ ಭಯ್ಯಾ."

ಎರಡನೆಯ ಸಲವೂ ಅದೇ ಬಂತು. ಜೊತೆಗೆ ಸೋಡಿಯಂ ಪಾತಾಳದಲ್ಲಿ. ಒಂದು ಮೇಲೆ, ಇನ್ನೊಂದು ಕೆಳಗೆ. ನಾನು ಹುಡುಕುತ್ತಿದ್ದ ಜೋಡಿ ಅದೇ. ಆದರೂ ಕಿಡ್ನಿಯ ಅನುಮಾನ ಪೂರ್ತಿ ಹೋಗಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಕೊಬ್ರಿಯ ಮುಖ ಇದ್ದಕ್ಕಿದ್ದಂತೆ ಅದುರತೊಡಗಿತು. ತುಟಿ, ಕಿವಿ, ಆಮೇಲೆ ಕಾಲುಗಳು. ಮಗಳು ಕಿರುಚಿದಳು. ಅಪ್ಪ ನನ್ನನ್ನು ನೋಡಿದ ನೋಟದಲ್ಲಿ "ನಾನು ಹೇಳಿರಲಿಲ್ಲವಾ" ಎಂಬುದು ಸ್ಪಷ್ಟವಾಗಿತ್ತು. ಆದರೆ ಆ ಗ್ರಂಥಿಗಳು ಸೋತರೆ ಸಕ್ಕರೆಯೂ ಕುಸಿಯುತ್ತದೆ ಎಂಬುದು ನೆನಪಾಗಿ, ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗ್ಲುಕೋಮೀಟರಿಗೆ ಹಾಕಿದೆ. ಸಕ್ಕರೆ ತಳ ಹಿಡಿದಿತ್ತು. ಡೆಕ್ಸ್ಟ್ರೋಸ್ ಸಕ್ಕರೆನೀರು ನರಕ್ಕೆ ಹೋಗುತ್ತಿದ್ದಂತೆ ನಡುಕ ಇಳಿಯಿತು. ದೊಡ್ಡ ಡಾಕ್ಟರು ಡ್ರಿಪ್ಪಿನ ಬಾಟಲಿಗೂ ಡೆಕ್ಸ್ಟ್ರೋಸ್ ಬೆರೆಸಿ ಕೊಟ್ಟರು.

ಅದಾದ ಮೇಲೆ ಕಾಯುವುದಷ್ಟೇ ಉಳಿಯಿತು. ಅಪ್ಪ ಎಲ್ಲರಿಗೂ ಚಹಾ ತಂದರು. ಯಾರೂ ಪೂರ್ತಿ ಕುಡಿಯಲಿಲ್ಲ. ನಾನು ಆಗಾಗ ವಸಡು ಒತ್ತಿ ನೋಡುತ್ತಿದ್ದೆ. ಬಿಳಿ ಹೋಗಿ ತೆಳು ಗುಲಾಬಿ ಬರುತ್ತಿತ್ತು. ಪಾದ ಬೆಚ್ಚಗಾಗುತ್ತಿತ್ತು.

ಆಮೇಲೆ ಮೇಜಿನಿಂದ ತೊಟತೊಟ ನೀರು ಸುರಿಯುವ ಸದ್ದು. ಡ್ರಿಪ್ ಕಳಚಿತೇ ಎಂದು ಗಾಬರಿಯಾಗಿ ನೋಡಿದರೆ, ಕೊಬ್ರಿ ಮಲಗಿದಲ್ಲೇ ಮೂತ್ರ ಮಾಡುತ್ತಿದ್ದಳು. ಸ್ವಲ್ಪವಲ್ಲ, ಮೇಜು ತುಂಬಿ ನನ್ನ ಚಪ್ಪಲಿಯ ಮೇಲೆ ಹರಿಯುವಷ್ಟು.

"ಸರ್!" ಎಂದು ಕೂಗಿದೆ. ದೊಡ್ಡ ಡಾಕ್ಟರು ಓಡಿ ಬಂದರು. ಇಬ್ಬರೂ ಆ ಕೆರೆಯನ್ನು ನೋಡಿ ನಗತೊಡಗಿದೆವು. ಅಪ್ಪ ಮಗಳಿಗೆ ನಮಗೇನಾಯಿತು ಎಂದು ತಿಳಿಯಲಿಲ್ಲ.

"ಕಿಡ್ನಿ ಕೆಲಸ ಮಾಡ್ತಿದೆ," ಎಂದೆ. "ಸತ್ತ ಕಿಡ್ನಿ ಹೀಗೆ ನೀರು ಬಿಡಲ್ಲ."

ಅಪ್ಪ ತಾವೇ ಬಟ್ಟೆ ತೆಗೆದುಕೊಂಡು ಮೇಜು ಒರೆಸಿದರು. ಬೇಡವೆಂದರೂ ಕೇಳಲಿಲ್ಲ. ಒರೆಸುತ್ತ ಒರೆಸುತ್ತ ಅವರ ಭುಜ ಅಲುಗುತ್ತಿತ್ತು. ಅಷ್ಟು ಹೊತ್ತು ಒಂದು ಹನಿ ಕಣ್ಣೀರು ಹಾಕದ ಮನುಷ್ಯ ಆಗ ಅತ್ತರು. ಮಗಳು ಹೋಗಿ ಅವರ ಕೈಯಿಂದ ಬಟ್ಟೆ ಇಸಿದುಕೊಂಡಳು.

ಅವತ್ತು ರಾತ್ರಿ ಕೊಬ್ರಿ ನಮ್ಮಲ್ಲೇ ಇದ್ದಳು. ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಅವಳು ಗೂಡಿನಲ್ಲಿ ನಿಂತಿದ್ದಳು. ಕಾಲು ತಡವರಿಸುತ್ತಿತ್ತು, ಆದರೆ ನಿಂತಿದ್ದಳು. ನನ್ನನ್ನು ನೋಡಿ ಒಮ್ಮೆ ಬೊಗಳಿದಳು, ಸಿಟ್ಟಿನಿಂದ. ನನ್ನ ಜೀವಮಾನದಲ್ಲಿ ಯಾವ ಬೈಗುಳವೂ ಅಷ್ಟು ಹಿತವಾಗಿ ಕೇಳಿಸಿರಲಿಲ್ಲ. ಬೇಯಿಸಿದ ಕೋಳಿ, ಅನ್ನ ಒಂದು ಚಮಚ ಇಟ್ಟೆ. ನೆಕ್ಕಿದಳು. ಇನ್ನೊಂದು ಚಮಚಕ್ಕೆ ನನ್ನ ಮುಖ ನೋಡಿದಳು.

ಮಧ್ಯಾಹ್ನ ಹಾರ್ಮೋನಿನ ರಿಪೋರ್ಟ್ ಬಂತು. ಅಷ್ಟು ಕಷ್ಟದಲ್ಲಿರುವ ನಾಯಿಯ ರಕ್ತದಲ್ಲಿ ಧಾರಾಳವಾಗಿ ಇರಬೇಕಾದ ಕಾರ್ಟಿಸಾಲ್ ಹೆಚ್ಚುಕಡಿಮೆ ಸೊನ್ನೆ. ದೊಡ್ಡ ಡಾಕ್ಟರು ಅದನ್ನು ಓದಿ, ಬೇರೆ ರೋಗಿಗಳ ಮುಂದೆಯೇ ಎದ್ದು ನಿಂತು ನನ್ನ ಕೈ ಕುಲುಕಿದರು. "ಅಚ್ಛಾ ಕಾನ್ ಹೈ ತುಮ್ಹಾರಾ" ಅಂದರು. ನಿನ್ನ ಕಿವಿ ಚೆನ್ನಾಗಿದೆ ಎಂದು. ಅವರಿಂದ ಅದು ದೊಡ್ಡ ಮಾತು.

ಅಪ್ಪ ಮಗಳನ್ನು ಕೂರಿಸಿ ವಿವರಿಸಿದೆ. ಇದು ಬದುಕಿಡೀ ಇರುವ ಕಾಯಿಲೆ, ಆದರೆ ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ. ಮೈ ಮಾಡದ ಹಾರ್ಮೋನನ್ನು ನಾವು ಬಾಯಿಂದ ಕೊಡಬೇಕು. ಹೆದರಿಕೆ, ಗಲಾಟೆ, ಪ್ರಯಾಣ ಇದ್ದ ದಿನ ಸ್ಟೀರಾಯ್ಡ್ ಸ್ವಲ್ಪ ಹೆಚ್ಚಿಸಬೇಕು.

ಮಗಳು ಎಲ್ಲ ಕೇಳಿ ಕೊನೆಗೆ ಸಣ್ಣ ದನಿಯಲ್ಲಿ, "ತೋ... ಕಚೋರಿ?" ಎಂದಳು.

"ಕಚೋರಿ ನಾಯಿಗೆ ಒಳ್ಳೇದಲ್ಲ. ಆದರೆ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಪನೀರಿಗೂ ಇಲ್ಲ, ಮಿಠಾಯಿಗೂ ಇಲ್ಲ. ಗ್ರಂಥಿಗಳು ತಿಂಗಳುಗಳಿಂದ ಸೋಲ್ತಾ ಬಂದಿದ್ವು."

ಅವಳು ಅಪ್ಪನ ತೋಳಿಗೆ ಹಣೆ ಒತ್ತಿದಳು. "ಸಾರಿ ಪಪ್ಪಾ. ನಾನು ತುಂಬಾ ಕೆಟ್ಟದಾಗಿ ಮಾತಾಡ್ದೆ." ಅವರು ಅವಳ ತಲೆ ಸವರಿದರು. ನಾನು ಸಿರಿಂಜು ಜೋಡಿಸುವ ನೆಪದಲ್ಲಿ ಒಳಗೆ ಹೋದೆ.

ಮಾತ್ರೆ ಹುಡುಕುವುದು ಇನ್ನೊಂದು ಸಾಹಸವಾಯಿತು. ಮನುಷ್ಯರಿಗೆ ಅಪರೂಪಕ್ಕೆ ಬರೆದುಕೊಡುವ ಔಷಧಿ ಅದು. ಇಂದಿರಾಪುರಂನಲ್ಲಿ ಇರಲಿಲ್ಲ, ನೋಯ್ಡಾದಲ್ಲೂ ಸಿಗಲಿಲ್ಲ. ಮಗಳು ಮೆಟ್ರೋ ಹತ್ತಿ ದೆಹಲಿಯ ಯೂಸುಫ್ ಸರಾಯಿಯ ಔಷಧಿ ಅಂಗಡಿಗಳ ಸಾಲಿಗೆ ಹೋಗಿ, ಒಂದೊಂದೇ ಅಂಗಡಿ ಕೇಳುತ್ತ ಕೊನೆಗೆ ಫೋನ್ ಮಾಡಿದಳು. "ಮಿಲ್ ಗಯಾ ಮ್ಯಾಮ್! ಸಿಕ್ತು! ಭಯ್ಯಾ ಕೇಳ್ತಿದಾರೆ, ಪೇಶೆಂಟ್ ವಯಸ್ಸೆಷ್ಟು ಅಂತ. ಕ್ಯಾ ಬೋಲೂಂ?"

"ನಿಜ ಹೇಳು."

ಫೋನಿನ ಆಚೆ ಕಡೆ ಜೋರಾಗಿ ನಗು ಕೇಳಿಸಿತು.

ಆ ವಾರದ ಕೊನೆಗೆ ರಕ್ತ ಮತ್ತೆ ನೋಡಿದೆವು. ಸೋಡಿಯಂ ಏರಿತ್ತು, ಪೊಟ್ಯಾಸಿಯಂ ಇಳಿದಿತ್ತು. ಸತ್ತಿವೆ ಎಂದಿದ್ದ ಕಿಡ್ನಿಗಳ ಅಂಕಿಗಳು ಆರೋಗ್ಯವಂತ ನಾಯಿಯವು. ಹೊಟ್ಟೆ ಕೆಟ್ಟ ನಾಯಿಗಳನ್ನು ಈಗಲೂ ದಿನಾ ನೋಡುತ್ತೇನೆ. ಹೆಚ್ಚಿನವಕ್ಕೆ ಒಂದು ದಿನದ ಪಥ್ಯ, ಒಂದಿಷ್ಟು ಉಪ್ಪುಸಕ್ಕರೆ ನೀರು ಸಾಕಾಗುತ್ತದೆ. ಆದರೆ ಏನು ತಿಂದಿತ್ತು ಎಂದು ಕೇಳಿದ ಮೇಲೆ, ಮನೆಯಲ್ಲಿ ಏನಾಗಿತ್ತು ಎಂದೂ ಕೇಳುತ್ತೇನೆ.

ಬೇಸಿಗೆ ಶುರುವಾಗುವ ಮೊದಲು ಕೊಬ್ರಿ ತಪಾಸಣೆಗೆ ಬಂದಳು. ಈ ಸಲ ಊರಿನಿಂದ ವಾಪಸಾಗಿದ್ದ ತಾಯಿಯೂ ಜೊತೆಗಿದ್ದರು. ಕೊಬ್ರಿ ಮೂವರನ್ನೂ ಎಳೆದುಕೊಂಡೇ ಒಳಗೆ ನುಗ್ಗಿದಳು. ತೂಕದ ಯಂತ್ರದ ಮೇಲೆ ನಿಲ್ಲಿಸಲು ನಾನೂ ದೊಡ್ಡ ಡಾಕ್ಟರೂ ಸೇರಿ ಹೆಣಗಬೇಕಾಯಿತು. ಅಂಕಿ ನೋಡಿ ದೊಡ್ಡ ಡಾಕ್ಟರು ಕನ್ನಡಕ ಮೇಲೇರಿಸಿ ಮತ್ತೊಮ್ಮೆ ನೋಡಿದರು. ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ ಎಂದು ಹೇಳಿದ್ದೆ. ಈ ಮನೆಯವರು ಅದನ್ನು ಆಜ್ಞೆ ಎಂದು ಪಾಲಿಸಿದ್ದರು.

"ಏನ್ ಹಾಕ್ತಿದೀರಿ ಇವಳಿಗೆ?" ಎಂದು ಕೇಳಿದೆ.

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಪ್ಪ ಮಗಳ ಕಡೆ ಬೆರಳು ತೋರಿಸಿದರು, ಮಗಳು ತಾಯಿಯ ಕಡೆ. ತಾಯಿ ಒಂದಿಷ್ಟೂ ಅಳುಕದೆ, "ಬದುಕಿ ಬಂದ ಮಗು ಡಾಕ್ಟ್ರೇ, ಕೇಳಿದಾಗ ಇಲ್ಲ ಅನ್ನೋಕಾಗತ್ತಾ?" ಅಂದರು.

ನಾನು ಮುಖ ಗಂಟು ಹಾಕಿಕೊಂಡು, ಸಾಧ್ಯವಾದಷ್ಟು ಕಠಿಣವಾಗಿ ಹೇಳಿದೆ: "ನಾಳೆಯಿಂದ ಡಯಟ್."

ಕೊಬ್ರಿ ಯಂತ್ರದ ಮೇಲೆ ಕೂತು, ಬಾಲದಿಂದ ನೆಲ ಬಡಿಯುತ್ತಿದ್ದಳು.